ನಕ್ಷೆ ಬರೆದವರೇ ಹತ್ತಿ ಹಾರಿಸಿದರು: ಜೆಫ್ರಿ ಡಿ ಹ್ಯಾವಿಲೆಂಡ್ ಅವರ ಮೊದಲ ವರ್ಷಗಳ ಬಗ್ಗೆ ಮಾತಾಡೋಣ

ಆಕಾಶಬುಟ್ಟಿ:

ಎಲ್ಲರಿಗೂ ನಮಸ್ಕಾರ. ಡಿ ಹ್ಯಾವಿಲೆಂಡ್ ಅಂದ ಕೂಡಲೇ ನಮಗೆ ಅವರ ವಿಮಾನಗಳು ನೆನಪಾಗುತ್ತವೆ: ಟೈಗರ್ ಮಾತ್ ನೆನಪಾಗುತ್ತದೆ, ಮಸ್ಕಿಟೊ ನೆನಪಾಗುತ್ತದೆ, ಕಾಮೆಟ್ ನೆನಪಾಗುತ್ತದೆ. ಅದು ಬರೀ ಒಂದು ಕಂಪನಿಯ ಹೆಸರು ಅಂತ ನಾನೂ ತುಂಬಾ ವರ್ಷ ಅಂದುಕೊಂಡಿದ್ದೆ. ಆ ಹೆಸರಿನವರೊಬ್ಬರು ಇದ್ದರು, ತಾವೇ ನಕ್ಷೆ ಬರೆದು, ತಾವೇ ಕಟ್ಟಿ, ತಾವೇ ಸೀಟಿನಲ್ಲಿ ಕೂತು ಹಾರಿಸಿ ನೋಡುತ್ತಿದ್ದರು ಅಂತ ಗೊತ್ತಾದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಅದರಲ್ಲೂ 1908ರಿಂದ 1914ರವರೆಗಿನ ಆರು ವರ್ಷ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಅವರು ಹುಟ್ಟಿದ್ದು 1882ರ ಜುಲೈ 27ರಂದು, ಇಂಗ್ಲೆಂಡಿನ ಹೈ ವಿಕಂಬ್ ಹತ್ತಿರ. ತಂದೆ ಚರ್ಚಿನ ಪಾದ್ರಿ. ಆಮೇಲೆ ಹ್ಯಾಂಪ್‌ಶೈರ್‌ನ ಕ್ರಕ್ಸ್ ಈಸ್ಟನ್ ಅನ್ನುವ ಹಳ್ಳಿಗೆ ಸಂಸಾರ ಹೋಯಿತು. ಹುಡುಗನಿಗೆ ಯಂತ್ರಗಳ ಹುಚ್ಚು. ಎಂಜಿನಿಯರಿಂಗ್ ಶಾಲೆ ಮುಗಿಸಿ, ಮೋಟಾರು ಕಂಪನಿಗಳಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದರು. ಲಂಡನ್ನಿನ ಹತ್ತಿರ ವಾಲ್ತಮ್‌ಸ್ಟೋದಲ್ಲಿ ಬಸ್ ತಯಾರಿಸುವ ಕಂಪನಿಯಲ್ಲೂ ಇದ್ದರು. 1908ರಲ್ಲಿ ವಿಲ್ಬರ್ ರೈಟ್ ಫ್ರಾನ್ಸಿಗೆ ಬಂದು ಹಾರಿ ತೋರಿಸಿದ ಸುದ್ದಿ ಯುರೋಪಿನ ತುಂಬಾ ಹಬ್ಬಿತು. ಇವರು ಬಸ್ಸಿನ ಕೆಲಸ ಬಿಟ್ಟರು. ತಾಯಿಯ ತಂದೆ 1,000 ಪೌಂಡ್ ಕೊಟ್ಟರು. ಆ ದುಡ್ಡಿನಲ್ಲಿ ಎಂಜಿನ್ನಿನಿಂದ ಹಿಡಿದು ಬಾಲದವರೆಗೆ ಒಂದು ಇಡೀ ವಿಮಾನ ಮಾಡಲು ಹೊರಟರು. ಅಲ್ಲಿಯವರೆಗೆ ಅವರು ಒಂದು ಸಲವೂ ಹಾರಿರಲಿಲ್ಲ.

ಡಿಸೈನರ್ ಬೇರೆ, ಟೆಸ್ಟ್ ಪೈಲಟ್ ಬೇರೆ ಅನ್ನುವುದು ಆಗ ಇರಲೇ ಇಲ್ಲ. ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ಲೆಕ್ಕ ಹಾಕಿದವರಿಗೇ. ಅವರ ವಿಮಾನಗಳು ಅಷ್ಟು ಹದವಾಗಿ ಬಂದದ್ದು ಇದರಿಂದಲೇ ಅಂತ ನನ್ನ ಗಟ್ಟಿ ನಂಬಿಕೆ. ನೀವೇನಂತೀರಿ?

ಹಾಸನದ ಓದುಗ:

ತುಂಬಾ ಒಳ್ಳೆಯ ವಿಷಯ. ಒಂದು ಅನುಮಾನ. ಹಾರಿಸಲು ಕಲಿಸಿದವರು ಯಾರು? ಸೈಕಲ್ ಕಲಿಯುವುದಕ್ಕೂ ಹಿಂದಿನಿಂದ ಒಬ್ಬರು ಹಿಡಿದುಕೊಳ್ಳಬೇಕು, ಅಲ್ವಾ?

ಆಕಾಶಬುಟ್ಟಿ:

ಯಾರೂ ಕಲಿಸಲಿಲ್ಲ ಸರ್. ಮೊದಲ ವಿಮಾನದ ಕಥೆ ಹೇಳುತ್ತೇನೆ, ನಿಮಗೇ ಗೊತ್ತಾಗುತ್ತದೆ.

ಎಂಜಿನ್ ಅವರದೇ ವಿನ್ಯಾಸ. ನಾಲ್ಕು ಸಿಲಿಂಡರು, ಎರಡೆರಡು ಎದುರುಬದುರಾಗಿ ಮಲಗಿಸಿದ್ದು, ನೀರಿನಿಂದ ತಂಪಾಗುವಂಥದ್ದು, ಸುಮಾರು 45 ಅಶ್ವಶಕ್ತಿ. ಅದನ್ನು ಐರಿಸ್ ಅನ್ನುವ ಕಾರು ಕಂಪನಿಯವರು ಮಾಡಿಕೊಟ್ಟರು. ಉಳಿದದ್ದೆಲ್ಲ ಲಂಡನ್ನಿನ ಫುಲ್ಹ್ಯಾಮ್‌ನಲ್ಲಿ ಬಾಡಿಗೆಗೆ ಹಿಡಿದ ಒಂದು ಶೆಡ್ಡಿನಲ್ಲಿ ತಯಾರಾಯಿತು. ಎರಡು ಪ್ರೊಪೆಲ್ಲರ್ ಇಟ್ಟು, ಗಿಯರ್ ಮೂಲಕ ತಿರುಗುವ ಹಾಗೆ ಮಾಡಿದರು. ಹಾರಿಸುವುದಕ್ಕೆ ಆರಿಸಿದ ಜಾಗ ಹ್ಯಾಂಪ್‌ಶೈರ್‌ನ ಸೆವೆನ್ ಬ್ಯಾರೋಸ್, ಅವರ ಹಳ್ಳಿಯ ಕಡೆಯ ಒಂದು ಬಯಲು. ಅಲ್ಲಿ ಮೂರ್-ಬ್ರಾಬಜಾನ್ ಅನ್ನುವ ಇನ್ನೊಬ್ಬ ವಿಮಾನಿಯ ಶೆಡ್ಡುಗಳಿದ್ದವು, ಅವನ್ನು ಇವರು ಕೊಂಡರು.

1909ರ ಡಿಸೆಂಬರ್. ಇಳಿಜಾರಿನಲ್ಲಿ ಓಡಿಸಿದರು. ನೆಲ ಬಿಟ್ಟಿತು. ಮೂತಿ ಜಾಸ್ತಿ ಎತ್ತಿಬಿಟ್ಟರು. ಎಡಗಡೆ ರೆಕ್ಕೆ ಮುರಿದು ಎಲ್ಲವೂ ಕುಸಿಯಿತು. ಇವರು ತರಚು ಗಾಯಗಳಲ್ಲಿ ಉಳಿದುಕೊಂಡರು. ಎಂಜಿನ್ ಕೂಡ ಉಳಿಯಿತು. ವರ್ಷಗಟ್ಟಲೆ ಮಾಡಿದ ಕೆಲಸ ಕೆಲವೇ ಸೆಕೆಂಡಿನಲ್ಲಿ ಪುಡಿಯಾಯಿತು.

ಎರಡನೆಯದು ಸರಳ. ಪ್ರೊಪೆಲ್ಲರ್ ಒಂದೇ, ಗಿಯರ್ ಇಲ್ಲ, ಎಂಜಿನ್ನಿಗೇ ನೇರವಾಗಿ ಜೋಡಿಸಿದ್ದು. ಮರವೂ ಹೆಚ್ಚು ಗಟ್ಟಿಯಾದದ್ದು. 1910ರ ಸೆಪ್ಟೆಂಬರಿನಲ್ಲಿ ಅದನ್ನು ಬಯಲಿಗೆ ತಂದರು. ಈ ಸಲ ಆತುರ ಮಾಡಲಿಲ್ಲ. ಸುಮ್ನೆ ನೆಲದ ಮೇಲೆ ಅತ್ತಿತ್ತ ಓಡಿಸಿದರು. ಚಕ್ರ ನೆಲ ಬಿಟ್ಟಿದೆಯೋ ಇಲ್ಲವೋ ಮೇಲೆ ಕೂತವರಿಗೆ ತಿಳಿಯುವುದಿಲ್ಲ. ಅದಕ್ಕೆ ಅವರ ಗೆಳೆಯ ಫ್ರಾಂಕ್ ಹರ್ಲ್ ಹುಲ್ಲಿನ ಮೇಲೆ ಅಂಗಾತ ಅಲ್ಲ, ಬೋರಲು ಮಲಗಿ, ಚಕ್ರದ ಕೆಳಗೆ ಬೆಳಕು ಕಾಣುತ್ತದಾ ಅಂತ ನೋಡುತ್ತಿದ್ದರು. ಹೀಗೆ ಒಂದೊಂದು ಅಡಿ ಮೇಲೇರುತ್ತಾ ಹಾರುವುದನ್ನು ಕಲಿತದ್ದು. ವಿಮಾನವೂ ಹೊಸದು, ಪೈಲಟ್ಟೂ ಹೊಸಬರು. ಯಾವುದರ ತಪ್ಪು ಯಾವುದು ಅಂತ ಬೇರೆ ಮಾಡಿ ನೋಡುವುದೇ ಕಷ್ಟ. ಆದರೂ ಮಾಡಿದರು.

ಲೇತ್ ಮೆಷಿನ್:

ನಾನು ಮೂವತ್ತು ವರ್ಷ ವರ್ಕ್‌ಶಾಪಿನಲ್ಲಿ ದುಡಿದವನು. ನಿಮ್ಮ ಬರಹ ಓದಿ ಖುಷಿಯಾಯಿತು. ಆದರೆ "ತಾವೇ ನಕ್ಷೆ ಬರೆದು, ತಾವೇ ಕಟ್ಟಿ" ಅಂದಿರಲ್ಲ, ಅಲ್ಲಿ ನನ್ನದೊಂದು ತಕರಾರು ಇದೆ.

ಹರ್ಲ್ ಅವರು ಬರೀ ಹುಲ್ಲಿನ ಮೇಲೆ ಮಲಗಿದ ಗೆಳೆಯ ಅಲ್ಲ. ಬಸ್ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಆ ಎರಡೂ ವಿಮಾನದ ಕಬ್ಬಿಣದ ಕೆಲಸ, ಮರದ ಕೆಲಸ, ಜೋಡಣೆ ಎಲ್ಲದರಲ್ಲೂ ಅವರ ಕೈ ಇದೆ. ಮುಂದೆ ಜೆಫ್ರಿ ಅವರ ಸೋದರಿಯನ್ನೇ ಮದುವೆಯಾದರು, ಕೊನೆಗೆ ಕಂಪನಿಯನ್ನೇ ನಡೆಸುವ ಮಟ್ಟಕ್ಕೆ ಬಂದರು. ಇನ್ನು ಹೆಂಡತಿ ಲೂಯಿ. ರೆಕ್ಕೆಗೆ ಹೊದಿಸುವ ಬಟ್ಟೆಯನ್ನೆಲ್ಲ ಹೊಲಿದವರು ಅವರು, ಕೈಯಲ್ಲಿ ತಿರುಗಿಸುವ ಸಿಂಗರ್ ಹೊಲಿಗೆ ಯಂತ್ರದಲ್ಲಿ. ಹಗುರವಾದ ಬಟ್ಟೆ, ಉದ್ದುದ್ದ ಹೊಲಿಗೆ. ಒಂದು ಕಡೆ ಹೊಲಿಗೆ ಬಿಟ್ಟರೆ ಗಾಳಿ ಒಳಗೆ ನುಗ್ಗಿ ಬಟ್ಟೆ ಹರಿದೇ ಹೋಗುತ್ತದೆ. ಗಂಡನ ಜೀವ ತನ್ನ ಹೊಲಿಗೆಯ ಮೇಲೆ ನಿಂತಿದೆ ಅಂತ ಗೊತ್ತಿದ್ದು ಹೊಲಿಯುವುದು ಸಣ್ಣ ಮಾತಲ್ಲ.

ಜಕ್ಕೂರು ದಾರಿ:

ಲೂಯಿ ಅವರ ಬಗ್ಗೆ ಇನ್ನೊಂದು ಮಾತು. ಎರಡನೇ ವಿಮಾನ ಸರಿಯಾಗಿ ಹಾರಲು ಶುರುವಾದ ಮೇಲೆ, ಅವರು ವರ್ಷ ತುಂಬದ ಮಗನನ್ನು ಎತ್ತಿಕೊಂಡು ಅದರಲ್ಲಿ ಕೂತು ಹಾರಿದರು. ಬೆಲ್ಟ್ ಇಲ್ಲ, ಗೋಡೆ ಇಲ್ಲ, ಮರದ ಚೌಕಟ್ಟಿನ ಮೇಲೆ ಕೂತು. ಆ ಕೂಸಿನ ಹೆಸರೂ ಜೆಫ್ರಿಯೇ. ಆ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಅವರ ಬಗ್ಗೆಯೂ ಮಾತಾಡಬೇಕಾಗುತ್ತದೆ.

ಆಕಾಶಬುಟ್ಟಿ:

ಲೇತ್ ಮೆಷಿನ್ ಸರ್, ಒಪ್ಪಿದೆ. "ತಾವೇ" ಅಂದರೆ ಮೂರು ಜನ ಅಂತ ಓದಿಕೊಳ್ಳಬೇಕು.

ಚರಿತ್ರೆ ಕ್ಲಾಸು:

ನಾನು ಮುಂದಿನ ಭಾಗಕ್ಕೆ ಬರುತ್ತೇನೆ. ದುಡ್ಡು ಮುಗಿದಿತ್ತು. ಹಾರುವ ವಿಮಾನ ಇದೆ, ಮುಂದೇನು ಅಂತ ಗೊತ್ತಿಲ್ಲ. ಆಗ ಫಾರ್ನ್‌ಬರೋದಲ್ಲಿದ್ದ ಸರ್ಕಾರಿ ಬಲೂನ್ ಕಾರ್ಖಾನೆ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. 1910ರ ಡಿಸೆಂಬರ್. ವಿಮಾನವನ್ನೂ 400 ಪೌಂಡಿಗೆ ಕೊಂಡರು. ಒಂದು ಗಂಟೆ ಹಾರಿಸಿ ತೋರಿಸಿ ಅಂದರು, 1911ರ ಜನವರಿಯಲ್ಲಿ ಹಾರಿಸಿ ತೋರಿಸಿದರು. ಕೆಲಸ ಏನು ಅಂದರೆ ಡಿಸೈನರ್ ಮತ್ತು ಟೆಸ್ಟ್ ಪೈಲಟ್, ಎರಡೂ ಒಬ್ಬರೇ. ಹಾಗಾಗಿ ಆಕಾಶಬುಟ್ಟಿ ಅವರು ಹೇಳಿದ್ದು ಅಲಂಕಾರದ ಮಾತಲ್ಲ, ಅದು ಅವರ ಹುದ್ದೆಯೇ ಆಗಿತ್ತು.

ಕಾರ್ಖಾನೆಯ ಮುಖ್ಯಸ್ಥರು ಮರ್ವಿನ್ ಓ'ಗಾರ್ಮನ್. ಅವರಿಗೊಂದು ತಲೆನೋವು ಇತ್ತು. ಹೊಸ ವಿಮಾನ ಕಟ್ಟಲು ಕಾರ್ಖಾನೆಗೆ ಅಪ್ಪಣೆ ಇರಲಿಲ್ಲ, ಬಲೂನು ಮತ್ತು ರಿಪೇರಿ ಮಾತ್ರ. ಅದಕ್ಕೆ ಅವರು ಹುಡುಕಿದ ದಾರಿ ನನಗೆ ತುಂಬಾ ಇಷ್ಟ. ಒಡೆದ ಹಳೆಯ ವಿಮಾನ ಒಂದು ರಿಪೇರಿಗೆ ಬರುತ್ತದೆ. "ಮರುನಿರ್ಮಾಣ" ಅಂತ ಕಡತದಲ್ಲಿ ಬರೆಯುತ್ತಾರೆ. ಹೊರಗೆ ಬರುವಾಗ ಅದು ಬೇರೆಯೇ ವಿಮಾನ. ಬಿ.ಇ.1 ಅನ್ನುವ ವಿಮಾನ ಹುಟ್ಟಿದ್ದು ಹೀಗೆ. ಡ್ಯೂಕ್ ಆಫ್ ವೆಸ್ಟ್‌ಮಿನ್‌ಸ್ಟರ್ ಸೇನೆಗೆ ಕೊಟ್ಟಿದ್ದ ಒಂದು ವಾಯ್ಸಿನ್ ವಿಮಾನ ಬಂತು. ಅದರಿಂದ ಉಳಿದುಕೊಂಡ ಮುಖ್ಯ ವಸ್ತು ಅಂದರೆ ವುಲ್ಸ್‌ಲಿ ಎಂಜಿನ್. ವಾಯ್ಸಿನ್‌ಗೆ ಪ್ರೊಪೆಲ್ಲರ್ ಹಿಂದೆ ಇತ್ತು, ಬಿ.ಇ.1ಕ್ಕೆ ಮುಂದೆ. ಇದನ್ನು ರಿಪೇರಿ ಅಂತ ಯಾರು ಕರೆಯುತ್ತಾರೆ ಹೇಳಿ. 1911ರ ಡಿಸೆಂಬರಿನಲ್ಲಿ ಡಿ ಹ್ಯಾವಿಲೆಂಡ್ ಅದನ್ನು ಹಾರಿಸಿದರು. ಎರಡು ತಿಂಗಳಲ್ಲಿ ಬಿ.ಇ.2 ಬಂತು.

1912ರ ಆಗಸ್ಟಿನಲ್ಲಿ ಲಾರ್ಕ್‌ಹಿಲ್‌ನಲ್ಲಿ ಸೇನೆಯ ವಿಮಾನ ಸ್ಪರ್ಧೆ ನಡೆಯಿತು. ಓ'ಗಾರ್ಮನ್ ತೀರ್ಪುಗಾರರಾಗಿದ್ದರಿಂದ ಬಿ.ಇ.2 ಸ್ಪರ್ಧೆಗೆ ಸೇರುವಂತಿರಲಿಲ್ಲ. ಬಹುಮಾನ ಕೋಡಿ ಅನ್ನುವ ಇನ್ನೊಬ್ಬ ವಿಮಾನಿಗೆ ಹೋಯಿತು. ಆದರೆ ಅದೇ ದಿನಗಳಲ್ಲಿ, ಆಗಸ್ಟ್ 12ರಂದು, ಡಿ ಹ್ಯಾವಿಲೆಂಡ್ ಮೇಜರ್ ಸೈಕ್ಸ್ ಅವರನ್ನು ಕೂರಿಸಿಕೊಂಡು ಬಿ.ಇ.2ರಲ್ಲಿ 10,560 ಅಡಿ ಏರಿದರು. ಬ್ರಿಟನ್ನಿನ ಎತ್ತರದ ದಾಖಲೆ ಅದು. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ. ಅದಕ್ಕಿಂತ ನಾಲ್ಕು ಸಾವಿರ ಅಡಿ ಮೇಲೆ, ತೆರೆದ ಸೀಟಿನಲ್ಲಿ.

ಕಪ್ಪುಹಲಗೆ:

ಎಲ್ಲರೂ ಹೊಗಳುತ್ತಿದ್ದೀರಿ, ಹೊಗಳಬೇಕಾದದ್ದೇ. ಆದರೆ ಬಿ.ಇ.2ರ ಪೂರ್ತಿ ಕಥೆ ಹೇಳದೆ ಬಿಡಬಾರದು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಜರ್ಮನ್ನರ ಫಾಕರ್ ವಿಮಾನ ಬಂತು, ಪ್ರೊಪೆಲ್ಲರಿನ ನಡುವೆಯೇ ಗುಂಡು ಹಾರಿಸುವ ಮೆಷಿನ್ ಗನ್ ಹೊತ್ತು. ಆಗ ಬಿ.ಇ.2ಗಳು ಸುಲಭದ ಬೇಟೆಯಾದವು. 1917ರ ಏಪ್ರಿಲ್‌ನಲ್ಲೂ ಅವು ಫ್ರಾನ್ಸಿನ ಮೇಲೆ ಹಾರುತ್ತಿದ್ದವು, ಹುಡುಗರು ಸಾಯುತ್ತಿದ್ದರು. ಡಿಸೈನರೇ ಹಾರಿಸಿ ನೋಡಿದರೆ ವಿಮಾನ ಚೆನ್ನಾಗಿರುತ್ತದೆ ಅಂದಿರಿ. ಈ ಲೆಕ್ಕಕ್ಕೆ ಏನು ಹೇಳುತ್ತೀರಿ?

ಚರಿತ್ರೆ ಕ್ಲಾಸು:

ಸರಿಯಾದ ಪ್ರಶ್ನೆ. ಎರಡು ವಿಷಯ ಬಿಡಿಸಿ ನೋಡಬೇಕು. ಯುದ್ಧದಲ್ಲಿ ಹೆಚ್ಚಾಗಿ ಬಲಿಯಾದದ್ದು ಬಿ.ಇ.2ಸಿ ಮತ್ತು ಅದರ ನಂತರದವು. ಆ ಬದಲಾವಣೆ ಮಾಡಿದವರು ಎಡ್ವರ್ಡ್ ಬಸ್ಕ್. ಕೈ ಬಿಟ್ಟರೂ ತನ್ನಷ್ಟಕ್ಕೆ ನೆಟ್ಟಗೆ ಹಾರುವ ವಿಮಾನ ಬೇಕು ಅನ್ನುವುದು ಅವರ ಗುರಿ. ಕೆಳಗೆ ನೋಡಿ ನಕ್ಷೆ ಗುರುತು ಹಾಕುವವರಿಗೆ ಅದು ತುಂಬಾ ಒಳ್ಳೆಯದು. ಬೆನ್ನು ಹತ್ತಿದ ಶತ್ರುವಿನಿಂದ ಚಕ್ಕನೆ ತಿರುಗಿ ತಪ್ಪಿಸಿಕೊಳ್ಳಲು ಆಗದು. ಅದರ ಮೇಲೆ ಗನ್ ಹಿಡಿದವರು ಮುಂದಿನ ಸೀಟಿನಲ್ಲಿ, ಸುತ್ತಲೂ ರೆಕ್ಕೆ, ತಂತಿ, ಕಂಬ. ಎಲ್ಲಿಗೆ ಗುರಿ ಇಡುವುದು? ಬಸ್ಕ್ ಅವರೂ ತಮ್ಮ ವಿಮಾನವನ್ನು ತಾವೇ ಹಾರಿಸುತ್ತಿದ್ದರು. 1914ರ ನವೆಂಬರಿನಲ್ಲಿ ಅವರು ಹಾರಿಸುತ್ತಿದ್ದ ಬಿ.ಇ.2ಸಿಗೆ ಗಾಳಿಯಲ್ಲೇ ಬೆಂಕಿ ಹತ್ತಿ ತೀರಿಕೊಂಡರು.

ಎರಡನೆಯದು, 1912ರಲ್ಲಿ ವಿಮಾನಗಳು ಪರಸ್ಪರ ಗುಂಡು ಹಾರಿಸುತ್ತವೆ ಅಂತ ಹೆಚ್ಚಿನವರು ಯೋಚಿಸಿರಲಿಲ್ಲ. 1914ರ ಆಗಸ್ಟ್ 13ರಂದು ಯುದ್ಧಕ್ಕಾಗಿ ಫ್ರಾನ್ಸಿನ ನೆಲದಲ್ಲಿ ಇಳಿದ ಬ್ರಿಟಿಷ್ ವಿಮಾನಗಳಲ್ಲಿ ಮೊದಲನೆಯದು ಬಿ.ಇ.2ಎ. ಆ ಹೊತ್ತಿಗೆ ಅದು ಒಳ್ಳೆಯ ವಿಮಾನವೇ. ಅದನ್ನು ಅಷ್ಟು ವರ್ಷ ಬದಲಿಸದೆ ಇಟ್ಟುಕೊಂಡವರ ತಪ್ಪನ್ನು ಬರೆದವರ ತಲೆಗೆ ಕಟ್ಟಬಾರದು ಅಂತ ನನ್ನ ಅಭಿಪ್ರಾಯ.

ಕಪ್ಪುಹಲಗೆ:

ಬಿ.ಇ.2ರ ಬಗ್ಗೆ ಒಪ್ಪುತ್ತೇನೆ. ಹಾಗಾದರೆ ಎಸ್.ಇ.1ರ ವಿಷಯಕ್ಕೆ ಬನ್ನಿ. ಅದು ಪೂರ್ತಿ ಡಿ ಹ್ಯಾವಿಲೆಂಡ್ ಅವರದೇ. ಬಾಲದ ಬದಲು ಮುಂದೆ ಸಣ್ಣ ರೆಕ್ಕೆ ಇಟ್ಟ ವಿಮಾನ. ರಡ್ಡರ್, ಅಂದರೆ ವಿಮಾನವನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಹಲಗೆ, ಸಾಲುತ್ತಿರಲಿಲ್ಲ, ತಿರುಗಿಸುವುದು ಕಷ್ಟವಾಗಿತ್ತು. ಅದನ್ನು ಹಾರಿಸುತ್ತಿದ್ದದ್ದು ಅವರೊಬ್ಬರೇ, ಅದರ ಗುಣ ಗೊತ್ತಿದ್ದದ್ದೂ ಅವರಿಗೇ. 1911ರ ಆಗಸ್ಟ್ 18ರಂದು ಕಾರ್ಖಾನೆಯ ಸಹಾಯಕ ಮುಖ್ಯಸ್ಥ ಲೆಫ್ಟಿನೆಂಟ್ ರಿಡ್ಜ್ ಅದನ್ನು ಹತ್ತಿದರು. ಹಾರಿಸುವುದರಲ್ಲಿ ಇನ್ನೂ ಹೊಸಬರು. ತಿರುಗಿಸುವಾಗ ವಿಮಾನ ಗಿರಗಿರ ಸುತ್ತುತ್ತಾ ನೆಲಕ್ಕೆ ಬಿತ್ತು. ಅವರು ಉಳಿಯಲಿಲ್ಲ.

ಲೆಕ್ಕ ತಪ್ಪಿದರೆ ಪೆಟ್ಟು ಬೀಳುವುದು ಲೆಕ್ಕ ಹಾಕಿದವರಿಗೇ ಅಂದಿರಿ. ಇಲ್ಲಿ ಬಿದ್ದದ್ದು ಬೇರೆಯವರಿಗೆ. ಬರೆದವರೇ ಹಾರಿಸುವುದರಲ್ಲಿ ಒಂದು ಅಪಾಯ ಇದೆ. ಅವರ ಕೈ ಆ ವಿಮಾನದ ತಪ್ಪಿಗೆ ಹೊಂದಿಕೊಂಡುಬಿಡುತ್ತದೆ. ಅವರಿಗೆ ತಪ್ಪು ಕಾಣಿಸುವುದು ಕಡಿಮೆಯಾಗುತ್ತದೆ. ಮುಂದಿನವರಿಗೆ ಆ ಕೈ ಇರುವುದಿಲ್ಲ.

ಆಕಾಶಬುಟ್ಟಿ:

ಈ ಮಾತು ಓದಿ ನಿನ್ನೆಯಿಡೀ ಉತ್ತರ ಬರೆಯಲಿಲ್ಲ. ನೀವು ಹೇಳಿದ್ದರಲ್ಲಿ ಸತ್ಯ ಇದೆ. ನನ್ನ ಮೊದಲ ಬರಹದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಆದರೆ ಎರಡು ವರ್ಷದ ನಂತರ ನಡೆದದ್ದನ್ನೂ ನೋಡಿ. ಬಿ.ಎಸ್.1 ಅಂತ ಒಂದು ಚಿಕ್ಕ ವಿಮಾನ, ಒಬ್ಬರೇ ಕೂರುವಂಥದ್ದು. 100 ಅಶ್ವಶಕ್ತಿಯ ನೋಮ್ ಎಂಜಿನ್, ಗಂಟೆಗೆ 90 ಮೈಲಿಗೂ ಜಾಸ್ತಿ ವೇಗ. 1913ಕ್ಕೆ ಅದು ಬೆರಗು ಹುಟ್ಟಿಸುವ ವೇಗ. ಹಾರಿಸಿದ ಕೂಡಲೇ ಡಿ ಹ್ಯಾವಿಲೆಂಡ್ ಅವರಿಗೆ ರಡ್ಡರ್ ಚಿಕ್ಕದಾಯಿತು ಅನ್ನಿಸಿತು. ದೊಡ್ಡ ರಡ್ಡರಿನ ನಕ್ಷೆ ಬರೆದರು. ಅದನ್ನು ಜೋಡಿಸುವ ಮೊದಲೇ, ಮಾರ್ಚ್ ತಿಂಗಳಲ್ಲಿ, ವಿಮಾನ ಚಪ್ಪಟೆಯಾಗಿ ಸುತ್ತುತ್ತಾ ಕೆಳಗೆ ಬಿತ್ತು. ದವಡೆ ಮುರಿಯಿತು. ತಪ್ಪು ಏನು ಅಂತ ಗೊತ್ತಿತ್ತು, ತಿದ್ದುವ ನಕ್ಷೆಯೂ ತಯಾರಾಗಿತ್ತು. ಆದರೂ ಹಳೆಯ ರಡ್ಡರಿನಲ್ಲೇ ಹತ್ತಿದರು. ಯಾಕೆ ಹತ್ತಿದರು ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ. ನಿಮ್ಮ ಮಾತು ಓದಿದ ಮೇಲೆ, ಅವರ ಕೈಗೂ ಅದು ಅಭ್ಯಾಸವಾಗಿಬಿಟ್ಟಿತ್ತೇನೋ ಅಂತ ಈಗ ಅನ್ನಿಸುತ್ತಿದೆ.

ಹಾಸನದ ಓದುಗ:

ಬಿ.ಇ., ಎಸ್.ಇ., ಬಿ.ಎಸ್. ಅಂದರೆ ಏನು? ತಲೆ ಸುತ್ತುತ್ತಿದೆ.

ಚರಿತ್ರೆ ಕ್ಲಾಸು:

ಫಾರ್ನ್‌ಬರೋದವರ ಪದ್ಧತಿ ಅದು. ಪ್ರೊಪೆಲ್ಲರ್ ಮುಂದೆ ಇದ್ದರೆ ಬ್ಲೆರಿಯೊ ಎಕ್ಸ್‌ಪೆರಿಮೆಂಟಲ್, ಅದು ಬಿ.ಇ. ಹಿಂದೆ ಇದ್ದರೆ ಫಾರ್ಮನ್ ಎಕ್ಸ್‌ಪೆರಿಮೆಂಟಲ್, ಎಫ್.ಇ. ಮುಂದೆ ಸಣ್ಣ ರೆಕ್ಕೆ ಇದ್ದರೆ ಸಾಂಟೊಸ್-ಡ್ಯುಮಾಂಟ್ ಅವರ ನೆನಪಿಗೆ ಎಸ್.ಇ. ಚುರುಕಾದ ಚಿಕ್ಕದಕ್ಕೆ ಬ್ಲೆರಿಯೊ ಸ್ಕೌಟ್. ಬ್ರಿಟಿಷ್ ಕಾರ್ಖಾನೆಯ ವಿಮಾನಗಳಿಗೆ ಫ್ರಾನ್ಸಿನಲ್ಲಿ ಕೆಲಸ ಮಾಡಿದವರ ಹೆಸರುಗಳು.

ಲೇತ್ ಮೆಷಿನ್:

1914ರಿಂದ ಮುಂದಕ್ಕೆ ನಾನು ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ನನಗೆ ಮಾತ್ ವಿಮಾನದ ಬಗ್ಗೆ ಬರೆಯಬೇಕು. ವಿಮಾನಗಳನ್ನು ತಪಾಸಣೆ ಮಾಡುವ ಸರ್ಕಾರಿ ಹುದ್ದೆಗೆ ಹಾಕಿದರು, ಅದು ಅವರಿಗೆ ಹಿಡಿಸಲಿಲ್ಲ. ಕೆಲವೇ ತಿಂಗಳಲ್ಲಿ ಬಿಟ್ಟು ಹೆಂಡನ್‌ನ ಏರ್ಕೋ ಕಂಪನಿಗೆ ಮುಖ್ಯ ಡಿಸೈನರ್ ಆಗಿ ಸೇರಿದರು. ಯುದ್ಧ ಶುರುವಾದಾಗ ಸೇನೆ ಕರೆಯಿತು, ಸ್ಕಾಟ್ಲೆಂಡಿನ ಕರಾವಳಿ ಕಾಯಲು ಹೋದರು. ಆದರೆ ಅವರ ಜಾಗ ನಕ್ಷೆಯ ಮೇಜು ಅಂತ ವಾಪಸ್ ಕಳಿಸಿದರು. ಅವರದೇ ಹೆಸರಿನ ಮೊದಲ ಅಕ್ಷರಗಳನ್ನು ಹೊತ್ತ ಡಿಎಚ್.2, ಡಿಎಚ್.4, ಡಿಎಚ್.9 ವಿಮಾನಗಳೆಲ್ಲ ಆಗ ಬಂದವು.

ಡಿಎಚ್.4 ಬಗ್ಗೆ ಮಾತ್ರ ಎರಡು ಸಾಲು. 1916ರ ಆಗಸ್ಟಿನಲ್ಲಿ ಅವರೇ ಮೊದಲು ಹಾರಿಸಿದ್ದು. ವೇಗ, ಎತ್ತರ ಎರಡರಲ್ಲೂ ಒಳ್ಳೆಯ ಬಾಂಬರ್. ಅಮೆರಿಕದವರೂ ಸಾವಿರಗಟ್ಟಲೆ ತಯಾರಿಸಿದರು. ಕೊರತೆ ಏನಂದರೆ ಪೈಲಟ್ ಮುಂದೆ, ಗನ್ ಹಿಡಿದವರು ತುಂಬಾ ಹಿಂದೆ, ನಡುವೆ ಪೆಟ್ರೋಲ್ ಟ್ಯಾಂಕು. ಗಾಳಿಯಲ್ಲಿ ಇಬ್ಬರೂ ಮಾತಾಡಿಕೊಳ್ಳಲು ಆಗುತ್ತಿರಲಿಲ್ಲ. ಡಿಎಚ್.9ರಲ್ಲಿ ಇಬ್ಬರನ್ನೂ ಹತ್ತಿರ ಕೂರಿಸಿದರು. ಆದರೆ ಅದಕ್ಕೆ ಸಿಕ್ಕ ಎಂಜಿನ್ ದುರ್ಬಲ, ಹಳೆಯದಕ್ಕಿಂತ ಹೊಸದೇ ಹಿಂದೆ ಬಿತ್ತು. ಲಿಬರ್ಟಿ ಎಂಜಿನ್ ಹಾಕಿ ಡಿಎಚ್.9ಎ ಮಾಡಿದ ಮೇಲೆ ಸರಿಹೋಯಿತು. ಎಂಜಿನ್ ಕೈಕೊಟ್ಟರೆ ಎಷ್ಟು ಒಳ್ಳೆಯ ರೆಕ್ಕೆ ಇದ್ದರೂ ಉಪಯೋಗ ಇಲ್ಲ ಅನ್ನುವುದು ಅವರಿಗೆ ಆಗ ಚೆನ್ನಾಗಿ ತಿಳಿದಿರಬೇಕು.

ಈಗ ಮಾತ್. ಯುದ್ಧ ಮುಗಿದ ಮೇಲೆ ಏರ್ಕೋ ಮಾರಾಟವಾಯಿತು. 1920ರ ಸೆಪ್ಟೆಂಬರಿನಲ್ಲಿ ಇವರು ಸ್ಟ್ಯಾಗ್ ಲೇನ್‌ನಲ್ಲಿ ಸ್ವಂತ ಕಂಪನಿ ತೆರೆದರು. ಸಾಮಾನ್ಯ ಜನ ಕೊಳ್ಳಬಹುದಾದ, ಕಲಿಯಬಹುದಾದ ಒಂದು ಪುಟ್ಟ ವಿಮಾನ ಮಾಡಬೇಕು ಅನ್ನುವ ಆಸೆ. 1923ರಲ್ಲಿ ಡಿಎಚ್.53 ಮಾಡಿದರು, ಎಂಜಿನ್ ತೀರಾ ಸಣ್ಣದು, ಒಬ್ಬರಿಗೇ ಜಾಗ. ಆಮೇಲೆ ಡಿಎಚ್.51 ಮಾಡಿದರು, ಅದು ದೊಡ್ಡದಾಯಿತು, ದುಬಾರಿಯೂ ಆಯಿತು. ನಡುವಿನದು ಬೇಕು, ಅದಕ್ಕೆ ತಕ್ಕ ಎಂಜಿನ್ ಪೇಟೆಯಲ್ಲಿ ಇಲ್ಲ.

ಆಗ ಎಂಜಿನ್ ವಿನ್ಯಾಸ ಮಾಡುವ ಫ್ರಾಂಕ್ ಹಾಲ್ಫರ್ಡ್ ಅವರಿಗೆ ಹೊಳೆದದ್ದು ವರ್ಕ್‌ಶಾಪಿನವರ ಮನಸ್ಸಿಗೆ ನೇರವಾಗಿ ನಾಟುವಂಥದ್ದು. ಯುದ್ಧದಲ್ಲಿ ಮಿಕ್ಕಿದ ಎಂಟು ಸಿಲಿಂಡರಿನ ರೆನೊ ಎಂಜಿನ್‌ಗಳು ಗುಡ್ಡೆ ಬಿದ್ದಿದ್ದವು. ಇಂಗ್ಲಿಷಿನ ವಿ ಅಕ್ಷರದ ಹಾಗೆ ಒಂದೊಂದು ಸಾಲಿನಲ್ಲಿ ನಾಲ್ಕು ಸಿಲಿಂಡರು. ಒಂದು ಸಾಲನ್ನು ಮಾತ್ರ ತೆಗೆದುಕೊಂಡು, ಅದಕ್ಕೆ ಹೊಸ ಕ್ರ್ಯಾಂಕ್‌ಕೇಸ್ ಮಾಡಿದರು. ಅದೇ 60 ಅಶ್ವಶಕ್ತಿಯ ಸಿರಸ್ ಎಂಜಿನ್. ಗುಜರಿಗೆ ಹೋಗಬೇಕಾದ ಭಾಗಗಳಿಂದ ಒಂದು ಇಡೀ ಕಾಲದ ವಿಮಾನಯಾನ ಶುರುವಾಯಿತು. 1925ರ ಫೆಬ್ರವರಿ 22ರಂದು ಡಿಎಚ್.60 ಮಾತ್ ಮೊದಲ ಸಲ ಹಾರಿತು. ಹಾರಿಸಿದವರು ಯಾರು? ಕಂಪನಿಯ ಯಜಮಾನರೇ. ರೆಕ್ಕೆಗಳನ್ನು ಮಡಚಿ ಹಿಂದಕ್ಕೆ ಸೇರಿಸಬಹುದಿತ್ತು, ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬಹುದಿತ್ತು. ಹಳೆಯ ರೆನೊಗಳು ಖಾಲಿಯಾಗುವ ಹೊತ್ತಿಗೆ ಸ್ವಂತದ ಜಿಪ್ಸಿ ಎಂಜಿನ್ ಬಂತು.

ಜಕ್ಕೂರು ದಾರಿ:

ಹೆಸರಿನ ಗುಟ್ಟು ಬಿಟ್ಟಿರಿ ಸರ್! ಅವರಿಗೆ ಚಿಕ್ಕಂದಿನಿಂದ ಪತಂಗ, ಚಿಟ್ಟೆ ಅಂದರೆ ಪ್ರಾಣ. ಮಾತ್ ಅಂದರೆ ಪತಂಗ. ರೆಕ್ಕೆ ಮಡಚುವ ವಿಮಾನಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿ ಸಿಗುತ್ತದೆ? ಆಮೇಲೆ ಪುಸ್ ಮಾತ್, ಫಾಕ್ಸ್ ಮಾತ್, ಟೈಗರ್ ಮಾತ್, ಲೆಪರ್ಡ್ ಮಾತ್, ಹಾರ್ನೆಟ್ ಮಾತ್ ಅಂತ ಸಾಲಾಗಿ ಬಂದವು. ಇವೆಲ್ಲ ನಿಜವಾದ ಪತಂಗಗಳ ಹೆಸರು ಅಥವಾ ಅವುಗಳಿಗೆ ಹತ್ತಿರದ ಹೆಸರು. 1933ರಲ್ಲಿ ಕಿಂಗ್ಸ್ ಕಪ್ ಅನ್ನುವ ವಿಮಾನಗಳ ಓಟವನ್ನು ಅವರೇ ಲೆಪರ್ಡ್ ಮಾತ್ ಹಾರಿಸಿ ಗೆದ್ದರು. ಆಗ ಅವರಿಗೆ 51 ತುಂಬುತ್ತಾ ಇತ್ತು.

ನಮ್ಮ ದೇಶದ ನಂಟೂ ಈ ಪತಂಗಗಳ ಜೊತೆಯೇ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದದ್ದು ಪುಸ್ ಮಾತ್‌ನಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಆಗಾ ಖಾನ್ ಬಹುಮಾನಕ್ಕಾಗಿ ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬರೇ ಹಾರುವ ಸ್ಪರ್ಧೆಯಲ್ಲಿ ಗೆದ್ದ ಆಸ್ಪಿ ಎಂಜಿನಿಯರ್ ಹಾರಿಸಿದ್ದು ಜಿಪ್ಸಿ ಮಾತ್. ಅದೇ ಆಸ್ಪಿ ಮುಂದೆ ಬೆಂಗಳೂರಿನ ಎಚ್‌ಎಎಲ್‌ನ ಮುಖ್ಯಸ್ಥರಾಗಿದ್ದರು, ಅಲ್ಲಿಂದ ವಾಯುಪಡೆಯ ಮುಖ್ಯಸ್ಥರಾದರು.

ವಿಮಾನಪುರದ ಮಗಳು:

ಎಚ್‌ಎಎಲ್ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ತಂದೆ ಅಲ್ಲಿ ಫಿಟ್ಟರ್ ಆಗಿದ್ದರು. ಐವತ್ತರ ದಶಕದಲ್ಲಿ ಅಲ್ಲಿ ಡಿ ಹ್ಯಾವಿಲೆಂಡ್ ವ್ಯಾಂಪೈರ್ ಜೆಟ್‌ಗಳನ್ನು ಲೈಸೆನ್ಸ್ ಪಡೆದು ತಯಾರಿಸುತ್ತಿದ್ದರು. ತಂದೆ ಮನೆಗೆ ಬಂದು ಹೇಳಿದ್ದನ್ನು ಅಮ್ಮ ನಂಬಿರಲಿಲ್ಲವಂತೆ. "ಜೆಟ್ ವಿಮಾನ ಕಣೇ, ಆದರೆ ಪೈಲಟ್ ಕೂರುವ ಜಾಗ ಮರದ್ದು" ಅಂತ. ಅದು ನಿಜ. ತೆಳುವಾದ ಪ್ಲೈವುಡ್, ನಡುವೆ ಹಗುರವಾದ ಬಾಲ್ಸಾ ಮರ, ಮತ್ತೆ ಪ್ಲೈವುಡ್. ಎರಡನೇ ಮಹಾಯುದ್ಧದ ಮಸ್ಕಿಟೊ ವಿಮಾನ ಮಾಡಿದ್ದ ಅದೇ ಪದ್ಧತಿ. ಫುಲ್ಹ್ಯಾಮ್ ಶೆಡ್ಡಿನಲ್ಲಿ ಮರ ಹಿಡಿದು ಶುರು ಮಾಡಿದವರು ಜೆಟ್ ಕಾಲಕ್ಕೂ ಮರವನ್ನು ಬಿಡಲಿಲ್ಲ ಅಂತ ಈ ಚರ್ಚೆ ಓದುವಾಗ ಅನ್ನಿಸಿತು. ತಂದೆಯ ಅಂಗೈಯಲ್ಲಿ ಅಂಟಿನ ವಾಸನೆ ಇರುತ್ತಿತ್ತು ಅಂತ ಅಕ್ಕ ಈಗಲೂ ಹೇಳುತ್ತಾಳೆ.

ಆಕಾಶಬುಟ್ಟಿ:

ಮೇಡಂ, ಇದನ್ನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ನಾನು ಈ ಚರ್ಚೆ ಶುರು ಮಾಡುವಾಗ ಅದು ಬೆಂಗಳೂರಿನ ಒಂದು ಮನೆಯವರೆಗೆ ಬರುತ್ತದೆ ಅಂದುಕೊಂಡಿರಲಿಲ್ಲ.

ಕಪ್ಪುಹಲಗೆ:

ಜಕ್ಕೂರು ದಾರಿಯವರು ಒಂದು ಹೆಸರು ನೆನಪಿಟ್ಟುಕೊಳ್ಳಿ ಅಂದಿದ್ದರು. ಅಮ್ಮನ ತೊಡೆಯ ಮೇಲೆ ಕೂತು ಹಾರಿದ ಕೂಸು.

ಜಕ್ಕೂರು ದಾರಿ:

ಹೌದು. ಅದನ್ನು ಬರೆಯಲು ಮನಸ್ಸು ಬರುತ್ತಿರಲಿಲ್ಲ. ಮಗ ಜೆಫ್ರಿ ದೊಡ್ಡವರಾಗಿ ಅಪ್ಪನ ಕಂಪನಿಯ ಮುಖ್ಯ ಟೆಸ್ಟ್ ಪೈಲಟ್ ಆದರು. 1940ರ ನವೆಂಬರ್ 25ರಂದು ಮಸ್ಕಿಟೊ ಮೊದಲ ಸಲ ಹಾರಿದಾಗ ಅದರಲ್ಲಿ ಕೂತಿದ್ದದ್ದು ಅವರು. ಅಷ್ಟು ಹೊತ್ತಿಗೆ ಅಪ್ಪ ಕೆಳಗೆ ನಿಂತು ನೋಡುವವರಾಗಿದ್ದರು. 1943ರ ಆಗಸ್ಟಿನಲ್ಲಿ ಇನ್ನೊಬ್ಬ ಮಗ ಜಾನ್, ಎರಡು ಮಸ್ಕಿಟೊಗಳು ಗಾಳಿಯಲ್ಲಿ ಡಿಕ್ಕಿ ಹೊಡೆದು ತೀರಿಕೊಂಡರು. 1946ರ ಸೆಪ್ಟೆಂಬರ್ 27ರಂದು ಜೆಫ್ರಿ ಡಿಎಚ್.108 ಹಾರಿಸುತ್ತಿದ್ದರು. ಬಾಲದ ಅಡ್ಡರೆಕ್ಕೆ ಇಲ್ಲದ, ರೆಕ್ಕೆ ಹಿಂದಕ್ಕೆ ಬಾಗಿದ ಜೆಟ್. ಶಬ್ದದ ವೇಗದ ಹತ್ತಿರ ಹೋದಾಗ ಥೇಮ್ಸ್ ನದಿ ಸಮುದ್ರ ಸೇರುವ ಜಾಗದ ಮೇಲೆ ಅದು ಒಡೆದುಹೋಯಿತು. ತಾಯಿ ಲೂಯಿ ಇದರಿಂದ ಚೇತರಿಸಿಕೊಳ್ಳಲಿಲ್ಲ. 1949ರಲ್ಲಿ ಅವರೂ ಹೋದರು.

ಕಪ್ಪುಹಲಗೆ:

ರಿಡ್ಜ್ ಅವರ ಬಗ್ಗೆ ಬರೆದಾಗ ನಾನು ತುಸು ಗಡುಸಾಗಿ ಬರೆದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಇದನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು.

ಹಾಸನದ ಓದುಗ:

ಅಷ್ಟಾದ ಮೇಲೂ ವಿಮಾನ ಮಾಡುವುದು ಬಿಡಲಿಲ್ಲವಾ?

ಚರಿತ್ರೆ ಕ್ಲಾಸು:

ಬಿಡಲಿಲ್ಲ. ಲೂಯಿ ತೀರಿಕೊಂಡ ಅದೇ 1949ರ ಜುಲೈ 27ರಂದು, ಅವರ 67ನೇ ಹುಟ್ಟುಹಬ್ಬದ ದಿನ, ಕಾಮೆಟ್ ಮೊದಲ ಸಲ ಹಾರಿತು. ಹಾರಿಸಿದವರು ಜಾನ್ ಕನ್ನಿಂಗ್‌ಹ್ಯಾಮ್, ಅವರು ಹುಟ್ಟಿದ್ದೂ ಜುಲೈ 27. ಪ್ರಪಂಚದ ಮೊದಲ ಪ್ರಯಾಣಿಕರ ಜೆಟ್. 1954ರಲ್ಲಿ ಎರಡು ಕಾಮೆಟ್‌ಗಳು ಗಾಳಿಯಲ್ಲೇ ಒಡೆದು ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದವು. ಕಾರಣ ಹುಡುಕಲು ಒಂದು ಇಡೀ ಕಾಮೆಟ್ ದೇಹವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೆ ಒತ್ತಡ ಏರಿಸಿ ಇಳಿಸಿ, ಮತ್ತೆ ಏರಿಸಿ ಇಳಿಸಿ ನೋಡಿದರು. ಲೋಹ ದಣಿದು ಬಿರುಕು ಬಿಡುತ್ತದೆ ಅಂತ ಗೊತ್ತಾಯಿತು. ಈ ಪರೀಕ್ಷೆ ನಡೆದ ಜಾಗ ಫಾರ್ನ್‌ಬರೋ. 1910ರಲ್ಲಿ ಅವರು ಕೆಲಸಕ್ಕೆ ಸೇರಿದ ಅದೇ ಊರು. ಯಾವ ಪೈಲಟ್ ಎಷ್ಟೇ ಚೆನ್ನಾಗಿ ಹಾರಿಸಿ ನೋಡಿದರೂ ಆ ಬಿರುಕು ಸೀಟಿನಲ್ಲಿ ಕೂತವರಿಗೆ ಗೊತ್ತಾಗುವಂಥದ್ದಲ್ಲ.

ಆಕಾಶಬುಟ್ಟಿ:

ನನ್ನ ಮೊದಲ ಬರಹದ ಕೊನೆಯ ಪ್ಯಾರಾ ತಿದ್ದುತ್ತೇನೆ. "ಅವರ ವಿಮಾನಗಳು ಹದವಾಗಿ ಬಂದದ್ದು ಇದರಿಂದಲೇ" ಅನ್ನುವುದನ್ನು ತೆಗೆಯುತ್ತೇನೆ. ರಿಡ್ಜ್ ಅವರ ಹೆಸರು, ಹರ್ಲ್ ಮತ್ತು ಲೂಯಿ ಅವರ ಹೆಸರು ಸೇರಿಸುತ್ತೇನೆ.

ಬೇಸಿಂಗ್‌ಸ್ಟೋಕ್ ಕನ್ನಡಿಗ:

ತಡವಾಗಿ ಬಂದೆ, ಕ್ಷಮಿಸಿ. ನಾನಿರುವ ಊರಿನಿಂದ ಸೆವೆನ್ ಬ್ಯಾರೋಸ್ ದೂರವಿಲ್ಲ. ಈ ಚರ್ಚೆ ಓದಿ ಹೋದ ಭಾನುವಾರ ಹೋಗಿ ಬಂದೆ. ಬ್ಯಾರೋ ಅಂದರೆ ಸಮಾಧಿಯ ದಿಬ್ಬ. ಕಂಚಿನ ಯುಗದ ದಿಬ್ಬಗಳು ಈಗಲೂ ಹೊಲದ ನಡುವೆ ಕಾಣುತ್ತವೆ. ಪಕ್ಕದಲ್ಲಿ ಬೀಕನ್ ಹಿಲ್. ಈ ನೆಲ ಆಗ ಕಾರ್ನಾರ್ವನ್ ಪ್ರಭುಗಳದು. ಮುಂದೆ ಟುಟಾಂಖಾಮುನ್ ಸಮಾಧಿ ಹುಡುಕಿಸಿದವರು ಅವರೇ, ಅವರ ಸಮಾಧಿ ಅದೇ ಬೆಟ್ಟದ ಮೇಲಿದೆ. 1965ರ ಮೇ ತಿಂಗಳಲ್ಲಿ ಡಿ ಹ್ಯಾವಿಲೆಂಡ್ ತೀರಿಕೊಂಡಾಗ ಅವರ ಚಿತಾಭಸ್ಮವನ್ನು ವಿಮಾನದಿಂದ ಇದೇ ಬಯಲಿನ ಮೇಲೆ ಚೆಲ್ಲಿದರು. ದೊಡ್ಡ ರಸ್ತೆಯ ಪಕ್ಕದಲ್ಲಿ ಒಂದು ನೆನಪಿನ ಕಲ್ಲು ಇದೆ.

ಇಳಿಜಾರು ಫೋಟೋದಲ್ಲಿ ಕಾಣುವುದಕ್ಕಿಂತ ಜಾಸ್ತಿ ಇದೆ. ಹುಲ್ಲು ಒದ್ದೆಯಾಗಿತ್ತು. ಹರ್ಲ್ ಅವರ ಹಾಗೆ ಬೋರಲು ಮಲಗಿ ನೋಡಿದೆ. ದೂರದಲ್ಲಿ ಒಬ್ಬ ಹುಡುಗ ಸೈಕಲ್ ತುಳಿದುಕೊಂಡು ದಾರಿಯ ಉಬ್ಬು ಹತ್ತಿ ಇಳಿದ. ಅಷ್ಟು ಕೆಳಗಿನಿಂದ ನೋಡಿದರೆ, ಅವನ ಚಕ್ರ ನೆಲ ಬಿಟ್ಟ ಆ ಒಂದು ಕ್ಷಣ ಕೆಳಗಿನ ಬೆಳಕು ಸ್ಪಷ್ಟವಾಗಿ ಕಾಣುತ್ತದೆ.